ಹುಣಸೆ ಮರದಡಿ ಕೆಡುವ ಗಾಡಿ

ಎಂಜಿನ್ನಿನ ಕಾಯಿಲೆಯನ್ನು ಬರೀ ಕಿವಿಯಿಂದ ಕಂಡುಹಿಡಿಯುವವರು ಇಡೀ ತುರುವೇಕೆರೆ ತಾಲ್ಲೂಕಿನಲ್ಲಿ ಒಬ್ಬರೇ ಇದ್ದಾರೆ, ಅವರು ನಮ್ಮ ಸೋದರಮಾವ. ಇದನ್ನು ಹೇಳುವವರೂ ಒಬ್ಬರೇ, ಅವರೂ ನಮ್ಮ ಸೋದರಮಾವನೇ! ನಾನು ಪಾಲಿಟೆಕ್ನಿಕ್ಕಿನಲ್ಲಿ ಎಂಜಿನ್ ಪಾಠ ಹೇಳುತ್ತಾ ಇಪ್ಪತ್ತು ವರ್ಷ ಕಳೆದವನು. ಅವರ ಮನೆಯಲ್ಲಿ ನನ್ನ ಮಾತಿಗೆ ಇರುವ ಬೆಲೆ ಕೇಳಿ: "ಓದಿರೋರಿಗೆ ಎಂಜಿನ್ ಗೊತ್ತಾಗಲ್ಲ ಕಣ್ಲಾ, ನೀನು ಕಾಫಿ ಕುಡಿ" ಎಂದು ಲೋಟ ಕೈಗಿಡುತ್ತಾರೆ. ನಾನೂ ಕುಡಿಯುತ್ತೇನೆ, ಕಾಫಿ ಚೆನ್ನಾಗಿರುತ್ತದೆ.

ಈ ಕಿವಿಯ ಹೆಮ್ಮೆ ಬಂದದ್ದು ಕೊಬ್ಬರಿಯಿಂದ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ತಿಳಿಯುತ್ತದೆ. ನಮ್ಮ ಕಡೆ ಇದು ಎಲ್ಲರಿಗೂ ಬರುವ ವಿದ್ಯೆ. ಮಾವ ಮಾತ್ರ ಅದನ್ನು ಕಾಯಿಗೇ ಬಿಟ್ಟವರಲ್ಲ. ಗೋಡೆ ಗಡಿಯಾರ ನಿಂತರೆ ಅಲ್ಲಾಡಿಸುತ್ತಾರೆ. ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ಅಲ್ಲಾಡಿಸುತ್ತಾರೆ. ಹೊಟ್ಟೆನೋವೆಂದು ಮಲಗಿದ್ದ ನನ್ನನ್ನೂ ಒಮ್ಮೆ ಭುಜ ಹಿಡಿದು ಅಲ್ಲಾಡಿಸಿ, ಕಿವಿಗೊಟ್ಟು, "ಏನಿಲ್ಲ, ಬರೀ ಗ್ಯಾಸು" ಎಂದಿದ್ದರು. ಗ್ಯಾಸೇ ಆಗಿತ್ತು ಅನ್ನಿ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆ ಕೂಡಿತು, ವಾಕರ್ ಹಿಡಿದು ಬಚ್ಚಲವರೆಗೆ ಹೋಗಿ ಬರುವಷ್ಟಾದರು. ಮನಸ್ಸು ಮಾತ್ರ ಕೂಡಲಿಲ್ಲ. ಬೆಳಿಗ್ಗೆ ತೋಟಕ್ಕಿಳಿದರೆ ಮಧ್ಯಾಹ್ನದ ಮುದ್ದೆಗೆ ಮೂರು ಸಲ ಕೂಗಿ ಕರೆಯಬೇಕಿದ್ದ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. "ಹೀಗೇ ಬಿಟ್ಟರೆ ಇವರು ಮತ್ತೆ ಏಳೋದಿಲ್ಲ, ಹೇಗಾದರೂ ಹೊರಗೆ ಓಡಾಡಿಸಿ" ಎಂದರು ಡಾಕ್ಟರು. ತೋಟಕ್ಕೆ ಕರೆದರೆ ಅತ್ತೆಯದು ಒಂದೇ ಉತ್ತರ: "ನನ್ನ ಹೊತ್ಕಂಡು ತಿರುಗಾಕೆ ನಿಮಗೆ ಬೇರೆ ಕೆಲಸ ಇಲ್ವಾ?" ಇನ್ನೊಬ್ಬರಿಗೆ ಹೊರೆಯಾಗುವುದು ಎಂದರೆ ಅವರಿಗೆ ಪ್ರಾಣಸಂಕಟ.

ಆಗ ಮಾವ ಗಾಡಿ ತಂದರು. ಬಾಗಿಲು ಮುಚ್ಚಿದ ಯಾವುದೋ ರೆಸಾರ್ಟಿನದು. ಕೆಸರು, ಮರಳು, ಉಬ್ಬುತಗ್ಗು ಏನೂ ನೋಡದೆ ಓಡುವ ಎಟಿವಿ. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ಲು, ಟ್ಯಾಂಕಿನ ಮೇಲೆ ಬೆಂಕಿ ಕಾರುವ ಹುಲಿಯ ಚಿತ್ರ. ಮಾಯಸಂದ್ರಕ್ಕೆ ಒಯ್ದು ಹಿಂದೆ ಕೈಯಿರುವ ಕುರ್ಚಿಯೊಂದನ್ನು ವೆಲ್ಡಿಂಗ್ ಮಾಡಿಸಿ, ಸೊಂಟಕ್ಕೆ ಬೆಲ್ಟು ಹಾಕಿಸಿದರು. ಊರವರು ಕಪ್ಪೆಗಾಡಿ ಎಂದು ಹೆಸರಿಟ್ಟರು. ಅತ್ತೆ ಮೂರು ದಿನ ಒಲ್ಲೆನೆಂದು ನಾಲ್ಕನೆಯ ದಿನ ಕರಾರು ಹಾಕಿ ಮಾವನ ಹಿಂದೆ ಹತ್ತಿದರು: "ಒಂದೇ ಸುತ್ತು. ಎಲ್ಲೂ ನಿಲ್ಲಿಸಂಗಿಲ್ಲ. ಸೀದಾ ಮನೆಗೆ."

ಗಾಡಿ ಕೆಟ್ಟಿತು. ತೋಟದ ನಡುವೆ ಹುಣಸೆ ಮರವೊಂದಿದೆ, ಅದರ ನೆರಳಿಗೆ ಬಂದದ್ದೇ ಉಸಿರು ಬಿಟ್ಟು ನಿಂತಿತು. ಮರುದಿನವೂ ಅಲ್ಲೇ. ಅದರ ಮರುದಿನವೂ!

ಅಲ್ಲಿಂದ ಶುರುವಾಯಿತು ನೋಡಿ ಮಾವನ ತಪಾಸಣೆ. ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಎಂಜಿನ್ನಿಗೆ ಕಿವಿ ಹಚ್ಚುತ್ತಾರೆ. ನಿಂತುಹೋದ ಎಂಜಿನ್ನಿನಲ್ಲಿ ಕೇಳುವುದಾದರೂ ಏನು? ಒಂದು ದಿನ ಪ್ಲಗ್ಗು ಬಿಚ್ಚಿ ಮೂಸಿ, "ಶೀತ ಆಗ್ಯದೆ" ಎಂದು ಬಿಸಿಲಿಗಿಟ್ಟರು. ಇನ್ನೊಂದು ದಿನ ಇಬ್ಬರು ಆಳುಗಳನ್ನು ಕರೆದು ಗಾಡಿಯನ್ನೇ ಅಲ್ಲಾಡಿಸಿ, "ಒಳಗೆ ಏನೋ ಬಿಟ್ಕಂಡದೆ" ಎಂದರು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಒಂದು ಗಂಟೆ. ಆಮೇಲೆ ಸ್ವಿಚ್ಚು ಒತ್ತಿದರೆ ಗಾಡಿ ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತದೆ. ಯಾವ ಪುಸ್ತಕದಲ್ಲೂ ನಾನು ಇಂಥದ್ದನ್ನು ಓದಿಲ್ಲ.

ತುರುವೇಕೆರೆಯ ಮೆಕ್ಯಾನಿಕ್ಕಿಗೆ ಅವರು ಫೋನು ಮಾಡಿದ ದಿನ ನಾನು ಪಕ್ಕದಲ್ಲೇ ಇದ್ದೆ.

"ಗುಡುಗುಡುಗುಡು... ಪುಸ್. ಕೇಳುಸ್ತಾ? ಪುಸ್."

"ಯಜಮಾನ್ರೇ, ಫೋನ್ನ ಗಾಡಿ ಹತ್ರ ಹಿಡೀರಿ."

"ಗಾಡಿ ಸದ್ದು ಮಾಡಂಗಿದ್ದಿದ್ರೆ ನಾನ್ಯಾಕಪ್ಪ ಮಾಡ್ತಿದ್ದೆ?"

ಪಾಪ, ಅವನು ಬಂದ. ಒಬ್ಬನೇ ತೋಟವನ್ನು ಆರು ಸುತ್ತು ಹೊಡೆದ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಗಾಡಿ ಚೆನ್ನಾಗೈತೆ. ಯಜಮಾನ್ರನ್ನೇ ಯಾರಿಗಾದ್ರೂ ತೋರ್ಸಿ" ಎಂದು ಹೋದ.

ನನಗೆ ನಗುವಿಗಿಂತ ಚಿಂತೆಯೇ ಹೆಚ್ಚಾಯಿತು. ದಿನಾ ಕೆಡುವ ಗಾಡಿಯೆಂದು ಅತ್ತೆ ಹತ್ತುವುದನ್ನೇ ಬಿಟ್ಟರೆ ಮತ್ತೆ ಆ ಗೋಡೆಯೇ ಗತಿ. ಹಾಗಾಗಿ ಮುಂದಿನ ಭಾನುವಾರ ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ನಾನೇ ಗಾಡಿಯ ಹಿಂದೆ ನಡೆದೆ. ಹುಣಸೆ ಮರ ಬಂತು, ಗಾಡಿ ನಿಂತಿತು. ಮಾವ ಕಿವಿ ಹಚ್ಚಲು ಬಗ್ಗುವ ಮೊದಲೇ ನಾನು ಬಗ್ಗಿದೆ. ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿ ಬರುತ್ತಿದೆ. ಟ್ಯಾಂಕಿನ ತುಂಬ ಪೆಟ್ರೋಲಿದೆ. ಕಾರ್ಬುರೇಟರಿನಲ್ಲಿ ಮಾತ್ರ ಒಂದು ತೊಟ್ಟೂ ಇಲ್ಲ. ಪೈಪು ಹಿಡಿದು ಮೇಲೆ ಹೋದರೆ, ಟ್ಯಾಂಕಿನ ಕೆಳಗೆ ಪೆಟ್ರೋಲು ಬಿಡುವ ನಲ್ಲಿಯೇ ಮುಚ್ಚಿದೆ!

ಇದು ನಾನು ಹುಡುಗರಿಗೆ ಮೊದಲ ವಾರದಲ್ಲೇ ಹೇಳುವ ಪಾಠ. ನಲ್ಲಿ ಮುಚ್ಚಿದರೆ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಎಂಜಿನ್ನು ಒಂದೆರಡು ನಿಮಿಷ ಓಡಿ ನಿಲ್ಲುತ್ತದೆ. ತೋಟದ ಗೇಟಿನಿಂದ ಹುಣಸೆ ಮರಕ್ಕೆ ಸರಿಯಾಗಿ ಅಷ್ಟೇ ಹೊತ್ತು. ಆ ನಲ್ಲಿ ಇರುವುದು ಓಡಿಸುವವರ ಎಡ ಮಂಡಿಯ ಪಕ್ಕ. ಹಿಂದೆ ಕೂತವರ ಕೈ ಅಲ್ಲಿಗೆ ಎಟುಕುವುದಿಲ್ಲ.

ಮಾವ ಸಿಕ್ಕಿಬಿದ್ದರು ಎಂದುಕೊಂಡು, ಊರಿಗೆಲ್ಲ ಕೇಳುವಂತೆ ಹೇಳಲು ತಲೆಯೆತ್ತಿದೆ. ಕುರ್ಚಿಯಲ್ಲಿ ಅತ್ತೆ ಇರಲಿಲ್ಲ. ಬೆಲ್ಟು ಬಿಚ್ಚಿ, ವಾಕರ್ ಊರಿಕೊಂಡು, ಆಗಲೇ ಎರಡು ಮರ ದಾಟಿದ್ದರು. ಕಾಯಿ ಸುಲಿಯುತ್ತಿದ್ದವರಿಗೆ ಅಲ್ಲಿಂದಲೇ ದಬಾಯಿಸುತ್ತಿದ್ದರು: "ಆ ಮರಕ್ಕೆ ಸುಳಿ ಕೊರೆಯೋ ದುಂಬಿ ಬಿದ್ದದಲ್ರಪ್ಪ. ನೋಡೋರು ಯಾರೂ ಇಲ್ವಾ ಈ ತೋಟದಾಗೆ?" ಎಷ್ಟೋ ತಿಂಗಳಿಂದ ಕೇಳದ ದನಿ ಅದು.

ಮಾವ ಅತ್ತೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಆಪರೇಷನ್ನಿನ ದಿನವೂ ಅವರ ಮುಖದಲ್ಲಿ ಅಷ್ಟು ಹೆದರಿಕೆ ನಾನು ಕಂಡಿರಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬಾಯಿ ಬುಡಬ್ಯಾಡ ಕಣ್ಲಾ. ನಾನಾಗಿ ನಿಲ್ಸಿದ್ರೆ ಅವಳು ಇಳಿಯಲ್ಲ. ಕೆಟ್ರೆ ಇಳೀತಾಳೆ."

ನನಗೆ ಅಳು ಬಂತು. ಇಪ್ಪತ್ತು ವರ್ಷ ಪಾಠ ಹೇಳಿದ ನಾನು ನೋಡಿದ್ದು ಬರೀ ಎಂಜಿನ್ನನ್ನು ಎಂದು ನಾಚಿಕೆಯೂ ಆಯಿತು. ಅತ್ತೆಯ ಕಡೆ ತಿರುಗಿ ಕೂಗಿದೆ: "ಅತ್ತೆ, ಕಾರ್ಬುರೇಟರ್ ಪೂರ್ತಿ ಬಿಚ್ಚಬೇಕು. ಒಂದು ಗಂಟೆ ಹಿಡಿಯುತ್ತೆ."

"ಬಿಚ್ಚಪ್ಪ, ನಿಧಾನಕ್ಕೆ ಬಿಚ್ಚು" ಎಂದರು ಅತ್ತೆ, ಮರದ ಸುಳಿಯಿಂದ ಕಣ್ಣು ಕೀಳದೆ. "ಹಂಗೇ ನಿಮ್ಮ ಮಾವಂಗೆ ಒಂದು ಮಾತು ಹೇಳು. ನಾಳೆ ಬಾವಿ ಹತ್ರ ಕೆಡುಸ್ಲಿ. ಆ ಕಡೆ ಸಾಲು ನೋಡಿ ವರ್ಷ ಆಯ್ತು."