ಬ್ಯಾಂಕಿನ ಲಾಕರೂ ನನ್ನ ಅರ್ಥಗಾರಿಕೆಯೂ

ಮಾತಿನಲ್ಲಿ ನನ್ನನ್ನು ಸೋಲಿಸಿದವರು ಕುಂದಾಪುರದಿಂದ ಬೈಂದೂರಿನವರೆಗೆ ಯಾರೂ ಇಲ್ಲ. ಇದನ್ನು ನಾನು ಹೇಳುವುದಲ್ಲ, ಜನ ಹೇಳುತ್ತಾರೆ. ಜನ ಹೇಳದಿದ್ದಾಗ ಮಾತ್ರ ನಾನು ಹೇಳುತ್ತೇನೆ.

ಕುಂದಾಪುರ–ಸಿದ್ದಾಪುರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವ ನಾನು. ನಿದ್ದೆ ಹೋದವರ ಕಿವಿಯ ಹತ್ತಿರ ಬಗ್ಗಿ "ಭಟ್ಕಳ ಬಂತ್, ಇಳೀನಿ" ಎನ್ನುತ್ತಿದ್ದೆ. ಅವರು ಚೀಲ ಹಿಡಿದು ಎದ್ದು ಬಿದ್ದು ಬಾಗಿಲಿಗೆ ಓಡುತ್ತಿದ್ದರು. ನಮ್ಮ ಬಸ್ಸು ಭಟ್ಕಳದ ದಿಕ್ಕಿಗೇ ಹೋಗುತ್ತಿರಲಿಲ್ಲ! ನನ್ನ ಕಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಬಾಟಲಿ ತೆಂಗಿನೆಣ್ಣೆ ಇರುತ್ತಿತ್ತು. ಬಸ್ಸಿನ ಕಿಟಕಿ ಬಿಗಿಯಾದರೂ ಅದೇ, ನನ್ನ ಮೊಣಕಾಲು ಬಿಗಿಯಾದರೂ ಅದೇ. ರಿಟೈರ್ ಆದ ಮೇಲೆ ಬಸ್ಸು ಬಿಟ್ಟೆ, ಬಾಟಲಿ ಬಿಡಲಿಲ್ಲ.

ಇನ್ನೊಂದು ಬಿಡದ್ದು ತಾಳಮದ್ದಳೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದು ತಾಳಮದ್ದಳೆ. ಶಾಲು ಹೊದ್ದು ಎದುರುಬದುರು ಕೂತು ಮಾತಿನಲ್ಲೇ ಯುದ್ಧ. ಮಾತಾಡುವವ ಅರ್ಥಧಾರಿ, ಅವನ ಮಾತೇ ಅರ್ಥ. ದೇವರ ಪಾತ್ರ ಕೊಟ್ಟರೆ ದೇವರ ಪರ, ರಾಕ್ಷಸನ ಪಾತ್ರ ಕೊಟ್ಟರೆ ರಾಕ್ಷಸನ ಪರ. ನಾನು ಎರಡೂ ಕಡೆಯಿಂದ ಗೆದ್ದವ.

ಇಂಥ ನನ್ನ ಕೈಗೆ ಒಂದು ಬ್ಯಾಂಕು ಸಿಕ್ಕಿತು.

ಸಾಲಿಗ್ರಾಮದಲ್ಲಿ ನನ್ನ ಅಕ್ಕ ಜಲಜಳ ಮಗಳ ಮದುವೆ. ಸೋದರಮಾವ ನಾನು. ನನ್ನ ಹೆಂಡತಿ ಗುಲಾಬಿ ಎದುರು ಸಾಲಿನಲ್ಲಿ ನಿಲ್ಲಬೇಕಾದವಳು. ಅವಳ ಅವಲಕ್ಕಿ ಸರ, ಬಳೆ ಎಲ್ಲ ಬ್ಯಾಂಕಿನ ಲಾಕರಿನಲ್ಲಿ. ಮದುವೆಯ ಮುಂಚಿನ ದಿನ ನಮ್ಮೂರು ತಲ್ಲೂರಿನಿಂದ ಇಬ್ಬರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರರು ಅವರ ಕೀ ಹಾಕಿ ತಿರುಗಿಸಿದರು. ತಿರುಗಿತು. ನಾನು ನಮ್ಮ ಕೀ ಹಾಕಿದೆ. ತಿರುಗಲಿಲ್ಲ. ಗುಲಾಬಿ ಹಾಕಿದಳು, ಪ್ಯೂನ್ ಹಾಕಿದ, ಪಾಸ್‌ಬುಕ್ ಎಂಟ್ರಿಗೆ ಬಂದವರೊಬ್ಬರು ಕೂಡ "ಕೊಡಿ ಕಾಂಬ" ಎಂದು ಹಾಕಿ ನೋಡಿದರು.

"ಮಂಗಳೂರಿನಿಂದ ಮೆಕ್ಯಾನಿಕ್ ಬರಬೇಕು" ಎಂದರು ಮ್ಯಾನೇಜರು.

"ಮದಿ ನಾಳೆ!" ಎಂದಳು ಗುಲಾಬಿ.

"ಮೆಕ್ಯಾನಿಕ್ ನಾಳೆ ಬರುವುದಿಲ್ಲ" ಎಂದರು ಮ್ಯಾನೇಜರು. ಬಹಳ ಸಮಾಧಾನದ ಮನುಷ್ಯ.

ಗುಲಾಬಿ ಒಂದು ಕರಿಮಣಿ ಹಾಕಿಕೊಂಡು ಮದುವೆಗೆ ಬಂದಳು. ಜಲಜಕ್ಕ ಅವಳ ಕುತ್ತಿಗೆ ನೋಡಿದಳು. ಮತ್ತೆ ಇಡೀ ಹಾಲಿಗೆ ಕೇಳುವಂತೆ ಕೇಳಿದಳು:

"ಎಂತ ಗುಲಾಬಿ, ಕುತ್ಗಿ ಬರೀ ಕಾಂತ್?"

"ಲಾಕರ್ ಕೀ ತಿರ್ಗುದಿಲ್ಲೆ ಅತ್ಗಿ."

"ಹೌದೌದ್. ನಮ್ಮ್ ಪಕ್ಕದ್ ಮನಿಯವ್ರದ್ದೂ ಹಾಂಗೇ ತಿರ್ಗದೆ ಇದ್ದದ್. ಕಡಿಗೆ ಬಡ್ಡಿ ಕಟ್ಟಿದ್ ಮೇಲೆ ತಿರ್ಗಿತ್!"

ಹಾಲಿಗೆ ಹಾಲೇ ನಕ್ಕಿತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಶೀನಣ್ಣ, ಅಂದರೆ ನಾನು, ಹೆಂಡತಿಯ ಚಿನ್ನ ಅಡವಿಟ್ಟಿದ್ದೇನೆ ಎಂಬ ಸುದ್ದಿ ಕೈ ತೊಳೆಯುವ ಜಾಗದವರೆಗೆ ತಲುಪಿತ್ತು.

ಆಮೇಲೆ ಮೆಕ್ಯಾನಿಕ್ ಬಂದ, ಲಾಕರ್ ಕೊರೆದ, ಚಿನ್ನ ಇದ್ದ ಹಾಗೇ ಇತ್ತು. ಆದರೆ ಯಾರಿಗೆ ಬೇಕು? ಮದುವೆ ಮುಗಿದಿತ್ತು. "ಮದಿ ದಿನ ಲಾಕರ್ ಹಾಳಾಗಿತ್ತ್ ಅಂದ್ಹೇಳಿ ಒಂದ್ ಗೆರಿ ಬರ್ದ್ ಕೊಡಿ" ಎಂದು ಗುಲಾಬಿ ಮ್ಯಾನೇಜರರನ್ನು ಕೇಳಿದಳು. ಬರೆದುಕೊಟ್ಟರೆ ಬ್ಯಾಂಕು ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದಂತೆ. ಕೊಡಲಿಲ್ಲ.

ಗುಲಾಬಿ ಬಸ್ಸು ಹತ್ತಿದ ಮೇಲೆ ಹೇಳಿದಳು: "ಕಾಣಿ, ನಂಗೆ ದುಡ್ಡ್ ಗಿಡ್ಡ್ ಬ್ಯಾಡ. ನನ್ ಚಿನ್ನ ಲಾಕರಲ್ಲೇ ಇದ್ದಿತ್ತ್ ಅಂದ್ಹೇಳಿ ಒಂದ್ ಸರ್ಕಾರದ್ ಕಾಗ್ದ ಬೇಕ್. ಸೀಲ್ ಇರ್ಕ್. ಅದನ್ ಅತ್ಗಿ ಮುಖಕ್ಕೆ ಹಿಡೂಕೆ."

ಅವಳ ಕಣ್ಣು ನೋಡಿದೆ. ಅರೆಕ್ಷಣ ತಮಾಷೆ ಮರೆತೆ. ಅರೆಕ್ಷಣ ಮಾತ್ರ.

"ಕಾಗ್ದ ಎಂತಕ್ಕೆ? ಬ್ಯಾಂಕನ್ನೇ ಕೋರ್ಟಿಗ್ ಎಳಿತೆ!" ಎಂದೆ.

ಉಡುಪಿಯ ಗ್ರಾಹಕರ ಕೋರ್ಟಿನಲ್ಲಿ ವಕೀಲರನ್ನು ಇಡಲೇಬೇಕೆಂದಿಲ್ಲ, ನಮ್ಮ ಕೇಸು ನಾವೇ ವಾದಿಸಬಹುದು ಎಂದು ಕೇಳಿದ್ದೆ. ಆ ಕಾನೂನು ಮಾಡಿದವರು ನನ್ನನ್ನು ಯೋಚಿಸಿಯೇ ಮಾಡಿರಬೇಕು. ದೂರು ಕೊಟ್ಟೆ. ಬ್ಯಾಂಕು ಉತ್ತರ ಕೊಟ್ಟಿತು: ಕರಾವಳಿಯ ಉಪ್ಪುಗಾಳಿಗೆ ಬೀಗ ತುಕ್ಕು ಹಿಡಿಯುವುದು ಸಹಜ. ಓದಿ ನಗು ಬಂತು. ಉಪ್ಪುಗಾಳಿಯಲ್ಲಿ ನಾನೇ ಇಷ್ಟು ವರ್ಷ ಇದ್ದೇನೆ, ನನಗೆ ತುಕ್ಕು ಹಿಡಿದಿದೆಯೇ?

ವಾದದ ದಿನ ಬಂತು. ಪಕ್ಕದ ಮನೆಯ ಮಂಜ ತನ್ನ ಓಮ್ನಿಯಲ್ಲಿ ನನ್ನ ಅಭಿಮಾನಿಗಳನ್ನು ತುಂಬಿಸಿದ. ಬ್ರಹ್ಮಾವರ ದಾಟುವವರೆಗೂ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಯಲ್ಲಿತ್ತು. ನಾನು ಜರಿ ಅಂಚಿನ ಶಾಲು ಹೊದ್ದು ಮುಂದಿನ ಸೀಟಿನಲ್ಲಿ ಗಂಟಲು ಸರಿಮಾಡುತ್ತಾ ಕೂತಿದ್ದೆ.

"ಶೀನಣ್ಣ, ಬ್ಯಾಂಕಿನವ್ರ್ ಅಳ್ತ್ರಾ?" ಎಂದು ಕೇಳಿದ ಮಂಜ.

"ಅಳೂಕೆ ಬಿಡುದಿಲ್ಲೆ. ನಗಾಡ್ಸಿ ಸೋಲ್ಸ್‌ತೆ."

ಕೋರ್ಟಿನಲ್ಲಿ ಬ್ಯಾಂಕಿನ ಪರ ಎದ್ದು ನಿಂತದ್ದು ಒಂದು ಸಣ್ಣ ಹುಡುಗಿ. ಅಕ್ಷತಾ ಎಂದು ಹೆಸರು. ಕರಿಕೋಟಿನ ಮಡಿಕೆ ಕೂಡ ಬಿಚ್ಚಿರಲಿಲ್ಲ. ಒಳಗೆ ಹೋಗುವ ಮೊದಲೇ ನನ್ನ ಹತ್ತಿರ ಬಂದು "ಗುರ್ತ ಸಿಕ್ತಾ? ನಾನ್ ಸಿದ್ದಾಪುರದವ್ಳ್. ನಿಮ್ ಬಸ್ಸಲ್ಲೇ ಕಾಲೇಜಿಗ್ ಹೋದ್ದ್. ನಂಗೂ ಒಂದ್ಸಲ ಭಟ್ಕಳ ಬಂತ್ ಅಂದಿದ್ರಿ" ಎಂದಿದ್ದಳು. ನನಗೆ ಪಾಪ ಅನ್ನಿಸಿತ್ತು. ಈ ಹೆಣ್ಣನ್ನು ನಾನು ಸೋಲಿಸಬೇಕೇ?

ಕೋರ್ಟಿನ ಅಧ್ಯಕ್ಷರು "ದೂರುದಾರರು ಹೇಳಬಹುದು" ಎಂದರು. ಹೇಳಿದೆ. ಗುಲಾಬಿಯ ಬರಿ ಕುತ್ತಿಗೆಯ ವರ್ಣನೆಯನ್ನೇ ಹತ್ತು ವಾಕ್ಯ ಮಾಡಿದೆ. ಬೆರಳಚ್ಚು ಮಾಡುವವರು ಕೈ ನಿಲ್ಲಿಸಿ ಕೇಳಿದರು. ಮಂಜ ಹಿಂದಿನಿಂದ "ಆಹಾ!" ಎಂದ. ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿದರು. ಮಂಜ ಕೂತ.

ಮಾತಿನ ಕೊನೆಗೆ ಎದುರಾಳಿಯತ್ತ ಕೈ ತೋರಿಸಿ "ಇದಕ್ಕೆ ನಿಮ್ಮ ಉತ್ತರವೇನು?" ಎಂದೆ. ತಾಳಮದ್ದಳೆಯಲ್ಲಿ ಇದೇ ಗಳಿಗೆಗೆ ಎದುರಿನವ ಗುಡುಗಬೇಕು.

ಅಕ್ಷತಾ ತಲೆ ತಗ್ಗಿಸಿ ಫೈಲು ತಿರುವಿದಳು. ಒಂದು ಮಾತಿಲ್ಲ.

ಇಲ್ಲಿ ನನ್ನ ಕಷ್ಟ ನೀವು ಅರ್ಥ ಮಾಡಿಕೊಳ್ಳಬೇಕು. ಎದುರಿನವ ಸಪ್ಪೆಯಾದರೆ ಪ್ರಸಂಗವೇ ಸಪ್ಪೆ. ಓಮ್ನಿಯಲ್ಲಿ ಒತ್ತಿಕೊಂಡು ಬಂದ ಜನ ಆಕಳಿಸುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ದೊಡ್ಡ ಅರ್ಥಧಾರಿ ಮಾಡುವುದು ಒಂದೇ: ಎದುರಿನವ ಕೇಳಬೇಕಾದ ಪ್ರಶ್ನೆಯನ್ನೂ ತಾನೇ ಎತ್ತುವುದು. ಅದನ್ನು ಬೆಟ್ಟದಷ್ಟು ಬೆಳೆಸುವುದು. ಆಮೇಲೆ ಒಂದೇ ಏಟಿಗೆ ಕೆಡವುವುದು. ಚಪ್ಪಾಳೆ!

"ನೀವು ಸುಮ್ಮನಿರಬಹುದು" ಎಂದೆ ಅಕ್ಷತಾಳಿಗೆ. "ಆದರೆ ನಿಮ್ಮ ಮನಸ್ಸಿನಲ್ಲಿರುವುದು ನನಗೆ ಗೊತ್ತು! ನೀವು ಕೇಳಬಹುದು: ಎಲೈ ಶೀನನೇ, ಎಲ್ಲರ ಲಾಕರೂ ತೆರೆಯುವಾಗ ನಿನ್ನದೊಂದೇ ಏಕೆ ಕೆಟ್ಟಿತು? ಉಪ್ಪುಗಾಳಿ ನಿನ್ನ ಲಾಕರನ್ನು ಮಾತ್ರ ಹುಡುಕಿಕೊಂಡು ಬಂತೇ?"

ಅಧ್ಯಕ್ಷರು ಪೆನ್ನು ಎತ್ತಿಕೊಂಡರು. ನನಗೆ ಹುರುಪು ಬಂತು.

"ನೀವು ಕೇಳಬಹುದು: ದೀಪಾವಳಿಗೆ ಸರ ತೆಗೆಯಲು ಬಂದಾಗ ಬೀಗ ಸ್ವಲ್ಪ ಬಿಗಿಯಾಯಿತೆಂದು ಮ್ಯಾನೇಜರರು ಆಚೆ ಹೋದ ಮೇಲೆ, ಅದರ ತೂತಿಗೆ ತೆಂಗಿನೆಣ್ಣೆ ಬಿಟ್ಟವ ನೀನಲ್ಲವೇ? ಬ್ಯಾಂಕಿನ ಎಸಿಯ ತಂಪಿಗೆ ತೆಂಗಿನೆಣ್ಣೆ ಗಟ್ಟಿಯಾಗದೆ ಇರುತ್ತದೆಯೇ? ಗಟ್ಟಿಯಾದ ಎಣ್ಣೆಗೆ ಧೂಳು ಹಿಡಿಯದೆ ಇರುತ್ತದೆಯೇ? ಎಣ್ಣೆ ಧೂಳು ಸೇರಿ ಮೇಣದಂತೆ ಕೂತ ಮೇಲೆ, ನಿನ್ನ ಕೀ ಬಿಡು, ದೇವೇಂದ್ರನ ಕೀ ತಿರುಗೀತೇ?"

ಹಿಂದಿನಿಂದ ಚಪ್ಪಾಳೆ! ನಾನು ಶಾಲು ಸರಿಮಾಡಿದೆ. ಇನ್ನು ಕೆಡವುವ ಮಾತು. ಅದು ತಯಾರಿತ್ತು: ಎಣ್ಣೆ ಬೇಕಾಗುವಷ್ಟು ಬೀಗವನ್ನು ಬಿಗಿಯಾಗಲು ಬಿಟ್ಟವರು ಯಾರು? ಬಾಯಿ ತೆರೆದೆ.

"ಒಂದು ನಿಮಿಷ" ಎಂದರು ಅಧ್ಯಕ್ಷರು. "ಎಣ್ಣೆ ಬಿಟ್ಟದ್ದು ಹೌದೋ ಅಲ್ಲವೋ?"

ಇಷ್ಟು ವರ್ಷದ ತಾಳಮದ್ದಳೆಯಲ್ಲಿ ಯಾರೂ ನನ್ನ ಹತ್ತಿರ ಈ ಪ್ರಶ್ನೆ ಕೇಳಿರಲಿಲ್ಲ. ಹೌದೋ ಅಲ್ಲವೋ ಎಂಬುದು ಅಲ್ಲಿ ವಿಷಯವೇ ಅಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಗುಲಾಬಿ ಎದ್ದು ನಿಂತಳು.

"ಅಯ್ಯೋ, ಆ ಲಾಕರಿಗೂ ಬಿಟ್ರ್ಯಾ? ಹೌದೇ ಇರ್ಕ್ ಸಾಯ್ಬ್ರೆ! ಇವ್ರ್ ಎಲ್ಲದಕ್ಕೂ ಬಿಡ್ತ್ರ್! ಮಿಕ್ಸಿಗೂ ಬಿಟ್ಟಿರ್!"

ಅಧ್ಯಕ್ಷರು ಬರೆದುಕೊಂಡರು. ಆಮೇಲೆ ಅಕ್ಷತಾಳ ಕಡೆ ನೋಡಿದರು. ಅವಳು ಎದ್ದು ನಿಂತು, ಕೋರ್ಟಿನೊಳಗೆ ತನ್ನ ಮೊದಲ ಮತ್ತು ಕೊನೆಯ ಮಾತು ಹೇಳಿದಳು:

"ದೂರುದಾರರ ವಾದವನ್ನು ಬ್ಯಾಂಕು ಪೂರ್ತಿಯಾಗಿ ಒಪ್ಪುತ್ತದೆ."

ಅಧ್ಯಕ್ಷರು ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು. ನನ್ನ ಕೆಡವುವ ಮಾತು ಈಗಲೂ ಹೊಟ್ಟೆಯಲ್ಲೇ ಇದೆ. ಯಾರಿಗಾದರೂ ಬೇಕಾದರೆ ಕೊಡುತ್ತೇನೆ.

ಜಗಲಿಗೆ ಬಂದಾಗ ಅಕ್ಷತಾ ಹಿಂದಿನಿಂದ ಕರೆದಳು. "ಹ್ವಾಯ್, ಬೇಜಾರ್ ಮಾಡ್ಕಣ್ಬ್ಯಾಡಿ. ನಮ್ಮ್ ಅಪ್ಪಯ್ಯ ಮದ್ದಳೆ ಬಾರ್ಸುವರ್. ನಿಮ್ ಅರ್ಥಕ್ಕೆ ಸುಮಾರ್ ಸಲ ಬಾರ್ಸಿರ್. ಕೇಸ್ ಸಿಕ್ಕಿದ್ ಕೂಡ್ಲೆ ಕೇಂಡೆ, ಶೀನಣ್ಣನ್ ಎದ್ರ್ ಎಂತ ಮಾತಾಡುದ್ ಅಂದ್ಹೇಳಿ."

"ಎಂತ ಅಂದಿರ್?"

"ನೀ ಎಂತದೂ ಮಾತಾಡ್ಬ್ಯಾಡ. ಸುಮ್ನೆ ಕೂಕೊ. ಅವ್ರಿಗೆ ತಡ್ಕಂಬುಕೆ ಆತಿಲ್ಲೆ, ನಿನ್ ಪಾಲಿಂದೂ ಅವ್ರೇ ಆಡ್ತ್ರ್ ಅಂದಿರ್."

ಮತ್ತೆ ಮೆಟ್ಟಿಲಿಳಿಯುತ್ತಾ ತಿರುಗಿ ನೋಡಿ ನಕ್ಕಳು. "ಭಟ್ಕಳ ಬಂತ್, ಇಳೀನಿ!"

ವಾಪಸು ಬರುವಾಗ ಓಮ್ನಿ ಕೋಟ ದಾಟಿದ ಮೇಲೆ ಮಂಜ ಮೆಲ್ಲಗೆ ಕೆಮ್ಮಿದ. "ಶೀನಣ್ಣ, ನಂದೊಂದ್ ಗಡಿ ತಕರಾರ್ ಇತ್ತಲೆ... ಎದ್ರ್ ಪಾರ್ಟಿಯವ್ರ್ ನಿಮ್ಮನ್ ಕರ್ದ್ರೆ ದಯಮಾಡಿ ಹೋಯ್ನಿ."

ಕೆಲವು ವಾರದ ಮೇಲೆ ಆದೇಶ ಪೋಸ್ಟಿನಲ್ಲಿ ಬಂತು. ದೂರು ವಜಾ. ನಾನು ಓದಿ ಮಡಚಿ ದಿಂಬಿನಡಿ ಇಟ್ಟೆ. ಗುಲಾಬಿ ತೆಗೆದು, ಕನ್ನಡಕ ಹಾಕಿ, ಬೆರಳಿಟ್ಟು ಓದಿದಳು. ನಾನು ಬೈಗುಳಕ್ಕೆ ತಯಾರಾಗಿ ಕೂತೆ. ಅವಳ ಬೆರಳು ಒಂದು ಕಡೆ ನಿಂತಿತು.

"ಇಲ್ಕಾಣಿ! 'ಮದುವೆಯ ದಿನ ಲಾಕರು ಕೆಟ್ಟಿದ್ದುದೂ, ದೂರುದಾರರ ಪತ್ನಿಯ ಆಭರಣಗಳು ಅದರೊಳಗೇ ಇದ್ದುದೂ ನಿರ್ವಿವಾದ.' ಸೀಲೂ ಇತ್ತ್!"

ಮರುದಿನವೇ ಅದಕ್ಕೆ ಲ್ಯಾಮಿನೇಷನ್ ಆಯಿತು. ಅವಲಕ್ಕಿ ಸರ ಹಾಕಿಕೊಂಡು, ಆದೇಶವನ್ನು ಎದೆಗೆ ಹಿಡಿದುಕೊಂಡು ಗುಲಾಬಿ ಸಾಲಿಗ್ರಾಮದ ಬಸ್ಸು ಹತ್ತಿದಳು. ನಾನೂ ಹಿಂದೆ ಹೋದೆ. ಜಲಜಕ್ಕ ಆ ಗೆರೆಯನ್ನು ಎರಡು ಸಲ ಓದಿದಳು. ಕುರ್ಚಿ ಎಳೆದು "ಕೂಕೊ ಗುಲಾಬಿ, ಚಾ ಕುಡಿ. ನಾನ್ ಅವತ್ ಸುಮ್ನೆ ತಮಾಷಿಗ್ ಅಂದದ್" ಎಂದಳು. ಗುಲಾಬಿ ಕೂತಳು. ಆ ಕೂತ ಗತ್ತು ನೋಡಿದರೆ ಬ್ಯಾಂಕು ಅವಳದ್ದೇ ಅನ್ನಬೇಕು. ಗೆದ್ದೆವು ಎಂದುಕೊಂಡೆ.

ಆಮೇಲೆ ಜಲಜಕ್ಕ ಲ್ಯಾಮಿನೇಷನ್ ತಿರುಗಿಸಿದಳು. ಹಿಂಬದಿಯಲ್ಲಿ ತೆಂಗಿನೆಣ್ಣೆಯ ಭಾಗ ಇತ್ತು. ಅದನ್ನು ಅವಳು ದೊಡ್ಡದಾಗಿ ಓದಿದಳು. ಇಡೀ ಮನೆಗೆ ಕೇಳುವಂತೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ಗುಲಾಬಿ.

ಈಗ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಬಾಟಲಿ ಕಪಾಟಿನೊಳಗೆ ಇರುತ್ತದೆ. ಬೀಗ ಹಾಕಿ. ಕೀ ಗುಲಾಬಿಯ ಹತ್ತಿರ. ಆ ಬೀಗ ಇತ್ತೀಚೆಗೆ ಸ್ವಲ್ಪ ಬಿಗಿಯಾಗಿದೆ, ತಿರುಗಿಸುವಾಗ ಅವಳು ತುಟಿ ಕಚ್ಚುತ್ತಾಳೆ. ಅದಕ್ಕೆ ಮದ್ದು ನನಗೆ ಗೊತ್ತು.

ನಾನು ಬಾಯಿ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ.