ಹೋಡಿ ಎಂದವಳನ್ನು ಹೊರಗೆ ನಿಲ್ಲಿಸಿದ ದ್ವಾರಪಾಲಕ ಯಂತ್ರಕ್ಕೆ

ಮಾನ್ಯ ಬವಾಬು ಯಂತ್ರದವರೇ,

ಕುಕು ಬೋರಾ ಕೋಳಿ ಸಾಕಣೆದಾರರ ಫೋನ್ ಗುಂಪಿನ ಬಾಗಿಲನ್ನು ಹಗಲಿರುಳೂ ಕಾಯುತ್ತಿರುವ, ನಿದ್ದೆಯೂ ಬೇಡದ ಊಟವೂ ಬೇಡದ ತಮ್ಮ ಪಾದಗಳಿಗೆ, ಪಾದಗಳಿದ್ದಲ್ಲಿ, ಸಿಂಗಿಡಾ ಸೀಮೆಯ ಮ್ವಾನ್ಯೋಂಗೆ ಹಳ್ಳಿಯ ಬೀಬಿ ಸಿಕುಜುವಾ ಬರೆದುಕೊಳ್ಳುವ ವಿಜ್ಞಾಪನೆ. ವಯಸ್ಸಿನಲ್ಲಿ ತಾವು ನನಗಿಂತ ಎಷ್ಟೋ ಚಿಕ್ಕವರಾದ್ದರಿಂದ ಮೊದಲು ಶಿಕಮೋ ಎಂದು ತಲೆಬಾಗಬೇಕಾದವರು ತಾವು, ಮರಹಬಾ ಎಂದು ಹರಸಬೇಕಾದವಳು ನಾನು. ಇರಲಿ, ತಮ್ಮನ್ನು ಹೆತ್ತವರು ಕಲಿಸಲಿಲ್ಲ, ಅದಕ್ಕೆ ತಾವೇನು ಮಾಡುತ್ತೀರಿ. ತಾವು ಹೇಗಿದ್ದೀರಿ? ಮನೆಯವರು ಹೇಗಿದ್ದಾರೆ? ತಂತಿ ಗಿಂತಿಗಳೆಲ್ಲ ಕ್ಷೇಮವೇ? ಇಷ್ಟು ಕೇಳಿದರೆ ‘ವಿಷಯಾಂತರ’ ಎಂದು ಅಳಿಸಿಹಾಕುವವರು ತಾವೆಂದು ಬಲ್ಲೆ. ಕಾಗದವನ್ನು ಅಳಿಸಲು ತಮಗೆ ಕೈಯಿಲ್ಲವೆಂಬ ಧೈರ್ಯದಿಂದಲೇ ಇದನ್ನು ಕಾಗದದಲ್ಲಿ ಬರೆದು, ಎಲ್ಲರೂ ಓದಲೆಂದು ನಮ್ಮೂರ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದ್ದೇನೆ. ತಪ್ಪಿದ್ದರೆ ಕ್ಷಮಿಸಬೇಕು, ನಾನು ಓದಿದ್ದು ಮೂರನೇ ತರಗತಿ, ನಾಲ್ಕಕ್ಕೆ ಹೋಗುವಷ್ಟರಲ್ಲಿ ಮೇಷ್ಟ್ರೇ ಊರು ಬಿಟ್ಟಿದ್ದರು.

ವಿಷಯವೇನೆಂದರೆ, ನನ್ನ ಕಿರಿಮಗನ ಹೊಸ ಹೆಂಡತಿ ಚೌಸಿಕು ತವರಿನಿಂದ ಬರುವಾಗ ಕಂಕುಳಲ್ಲಿ ಒಂದು ಬಿಳಿ ಕೋಳಿಯನ್ನು ಅವುಚಿಕೊಂಡು ಬಂದಳು. ಕೊಟ್ಟ ಕೋಳಿಯ ಮೈ ನೋಡಿದರೆ ಕೊಟ್ಟ ಮಗಳ ಬಾಳು ಗೊತ್ತಾಗುತ್ತದೆ ಎಂಬುದು ಅವಳ ತಾಯಿ, ನಮ್ಮ ಬೀಗಿತ್ತಿ ಬೀ ತಾತು ಅವರ ದೃಢವಾದ ನಂಬಿಕೆ. ಬರೀ ನಂಬಿಕೆಯಾಗಿದ್ದರೆ ನನಗೇನು? ಹಿರಿಮಗಳ ಮನೆಯಲ್ಲಿ ಕೋಳಿ ಸೊರಗಿದ್ದನ್ನು ಕಂಡು, ಮಗಳನ್ನೂ ಕೋಳಿಯನ್ನೂ ಒಂದೇ ಬಸ್ಸಿನಲ್ಲಿ ಹತ್ತಿಸಿಕೊಂಡು ವಾಪಸು ಹೋದ ಹೆಂಗಸು ಆಕೆ. ಸೂರ್ಯಕಾಂತಿ ಕೊಯ್ಲು ಮುಗಿದ ಮೇಲೆ ನಮ್ಮಲ್ಲಿಗೆ ಬರುವುದಾಗಿ ಹೇಳಿ ಕಳಿಸಿದ್ದರು.

ಇತ್ತ ನಮ್ಮ ಅಂಗಳದಲ್ಲಿ ಶಂಗಾಜಿ ಎಂಬ ಕೆಂಪು ಕೋಳಿಯ ದರ್ಬಾರು. ಶಂಗಾಜಿ ಅಂದರೆ ಸೋದರತ್ತೆ. ಹೆಸರಿಟ್ಟವಳು ನಾನಲ್ಲ, ಅವಳ ನಡತೆಯೇ ಇಟ್ಟುಕೊಂಡಿತು. ಅವಳು ಮೊದಲ ಕುಕ್ಕು ಕುಕ್ಕಿದಳು, ಉಳಿದವು ಹಿಂದೆ ಹಿಂದೆ ಕುಕ್ಕಿದವು, ಬಿಳಿ ಕೋಳಿಯ ನೆತ್ತಿ ಬೋಳಾಯಿತು. ನಮ್ಮವ್ವ ಕಲಿಸಿದ ಉಪಾಯಗಳನ್ನೆಲ್ಲ ಮಾಡಿದೆ. ಕತ್ತಲಾದ ಮೇಲೆ ಅದನ್ನು ಅಟ್ಟಣೆಯ ಮೇಲೆ ಉಳಿದವುಗಳ ನಡುವೆ ಕೂರಿಸಿದೆ, ಯಾರು ಯಾರೆಂದು ತಿಳಿಯದಿರಲೆಂದು ಎಲ್ಲಕ್ಕೂ ಬೂದಿ ಬಳಿದೆ. ಬೆಳಗಾದರೆ ಬೂದಿ ಬಳಿದ ಕೋಳಿಗಳು ಬೂದಿ ಬಳಿದ ಕೋಳಿಯನ್ನೇ ಹುಡುಕಿ ಕುಕ್ಕುತ್ತಿದ್ದವು. ಚೌಸಿಕು ಉಗಾಲಿ ಮುದ್ದೆ ಮುಟ್ಟುವುದನ್ನೇ ಬಿಟ್ಟು, ಕೋಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಡುಗೆ ಗುಡಿಸಲ ಬಾಗಿಲಲ್ಲಿ ನಿಂತು, “ಅತ್ತೇ, ಅಮ್ಮ ಬಂದ್ರೆ ಏನಂತ ಹೇಳ್ಲಿ? ನನ್ನ ಎಳ್ಕೊಂಡು ಹೋಗ್ತಾಳೆ, ನಂಗೆ ಹೋಗಕ್ಕೆ ಇಷ್ಟ ಇಲ್ಲ” ಎಂದು ಅತ್ತಳು. ಅತ್ತೆಯ ಮನೆ ಬಿಡಲಾರೆನೆಂದು ಅಳುವ ಸೊಸೆಯನ್ನು ನಾನು ಈ ವಯಸ್ಸಿಗೆ ಮೊದಲ ಸಲ ನೋಡಿದ್ದು. ಅಂಥವಳನ್ನು ಒಂದು ಕೋಳಿಯ ಜುಟ್ಟಿನ ದೆಸೆಯಿಂದ ಕಳೆದುಕೊಳ್ಳುವುದೇ? ಹಾಗಾಗಿ ಅವಳೇ ನನ್ನ ಫೋನಿನಲ್ಲಿ ತಮ್ಮ ಗುಂಪಿಗೆ ನನ್ನನ್ನು ಸೇರಿಸಿದಳು. ಹನ್ನೊಂದು ಸಾವಿರ ಜನ ಕೋಳಿ ಬಲ್ಲವರು ಅಲ್ಲಿದ್ದಾರಂತೆ, ಒಬ್ಬರಿಗಾದರೂ ಗೊತ್ತಿರದೇ?

ನಾನು ಹೊಸ್ತಿಲಲ್ಲಿ ನಿಂತು ಮರ್ಯಾದೆಯಿಂದ ‘ಹೋಡಿ’ ಎಂದೆ. ಒಳಗಿನಿಂದ ‘ಕರೀಬು’ ಎಂಬ ಸ್ವಾಗತ ಬರುವವರೆಗೆ ಕಳ್ಳನೂ ಒಳಗೆ ಕಾಲಿಡುವುದಿಲ್ಲವಷ್ಟೆ. ತಾವು ‘ಬರಹ ತೀರಾ ಚಿಕ್ಕದು’ ಎಂದಿರಿ. ಕಿವಿ ಮಂದವೇನೋ ಎಂದು ಮತ್ತೆ ‘ಹೋಡಿ’ ಎಂದೆ. ‘ಹೇಳಿದ್ದನ್ನೇ ಹೇಳಬೇಡಿ’ ಎಂದಿರಿ. ಮೂರನೆಯ ಸಲಕ್ಕೆ ಎಚ್ಚರಿಕೆ ಕೊಟ್ಟಿರಿ. ನನ್ನ ಬದುಕಿನಲ್ಲಿ ‘ಬಾ’ ಎನ್ನದವರನ್ನು ಕಂಡಿದ್ದೇನೆ, ‘ಹೋಗು’ ಎಂದವರನ್ನೂ ಕಂಡಿದ್ದೇನೆ. ಬಾಗಿಲು ಬಡಿಯುವ ಸದ್ದಿನ ಉದ್ದ ಅಳೆದವರು ತಾವೊಬ್ಬರೇ. ಈ ಸೂಕ್ಷ್ಮ ಬುದ್ಧಿಗೆ ನಮ್ಮ ಜಿಲ್ಲೆಯಲ್ಲಿ ಸಾಟಿಯಿಲ್ಲ.

“ಅಯ್ಯೋ ಅತ್ತೇ, ಅಲ್ಲಿ ಯಾರೂ ಕರೀಬು ಅನ್ನಲ್ಲ, ನುಗ್ಗೋದೇ” ಎಂದು ಚೌಸಿಕು ಹೇಳಿದ ಮೇಲೆ ನುಗ್ಗಿದೆ. ಕುಶಲ ಕೇಳದೆ ಕೆಲಸ ಕೇಳಬಾರದೆಂದು ಎಲ್ಲರ ಮನೆ, ಮಕ್ಕಳು, ದನ, ಬೆಳೆ ವಿಚಾರಿಸಿ ಒಂದು ಪುಟ ಬರೆದೆ. ಈಗ ಉದ್ದವಾಯಿತೆಂದು ತಾವು ಅಳಿಸಿದಿರಿ. ಕೊನೆಗೆ ಕುಶಲವಿಲ್ಲದೆ, ನೀರು ಕೇಳುವ ಪೊಲೀಸಿನವನ ಹಾಗೆ, ಹೊಸ ಕೋಳಿಯನ್ನು ಹಳೆಯವು ಕುಕ್ಕುತ್ತಿವೆ ಏನು ಮಾಡಲಿ ಎಂದು ಕೇಳಿದೆ. ಅಬ್ಬಾ, ಆಗ ನೋಡಿ ಬಂತು ಜ್ಞಾನಗಂಗೆ! “ಮೊದ್ಲು ಹುಡುಕಿ ನೋಡಿ, ಆಮೇಲೆ ಕೇಳಿ.” “ಇದನ್ನ ಹೋದ ವರ್ಷಾನೇ ಮಾತಾಡಿ ಮುಗಿಸಿದೀವಿ.” “ಫೋಟೋ ಎಲ್ಲಿ? ಫೋಟೋ ಇಲ್ದೆ ಕೋಳಿ ಇದೆ ಅಂತ ನಂಬೋದು ಹೆಂಗೆ?” ಫೋಟೋ ಹಾಕಿದೆ. “ಥೂ, ಎಷ್ಟು ಮಸುಕು.” ಜೊಗೋ ನಂಬರ್ ಒನ್, ಅಂದರೆ ಒಂದನೇ ನಂಬರಿನ ಹುಂಜ, ಎಂದು ಹೆಸರಿಟ್ಟುಕೊಂಡ ಮಹಾಶಯರಂತೂ, “ಕೋಳಿ ಸಾಕೋಕೆ ಬರ್ದೇ ಇರೋರೆಲ್ಲ ಯಾಕಮ್ಮಾ ಬರ್ತೀರಾ? ಹೋಗಿ ಮೊಟ್ಟೆ ಕೊಂಡ್ಕೊಂಡು ತಿನ್ನಿ” ಎಂದು ಅಪ್ಪಣೆ ಕೊಡಿಸಿದರು. ನಾನು ಕೋಳಿ ಸಾಕಲು ಶುರುಮಾಡಿದಾಗ ಇವರ ಅಪ್ಪನಿಗೆ ಮೀಸೆ ಬಂದಿರಲಿಲ್ಲವೆಂದು ಬರೆಯಹೊರಟು, ಹೋಗಲಿ ಎಂದು ಬಿಟ್ಟೆ.

ತಪ್ಪು ನನ್ನದೇ ಇರಬೇಕು, ಗುಂಪಿಗೆ ಗುಂಪನ್ನೇ ಒಂದೇ ಮಾತಿನಲ್ಲಿ ಮಾತಾಡಿಸಿದ್ದಕ್ಕೆ ಅವರಿಗೆ ಬೇಸರವಾಗಿರಬೇಕು ಎಂದುಕೊಂಡೆ. ಮದುವೆಮನೆಗೆ ಹೋದರೆ ಚಾಪೆಯ ಮೇಲೆ ಕೂತ ಒಬ್ಬೊಬ್ಬರ ಕೈಯನ್ನೂ ಹಿಡಿದು ಮಾತಾಡಿಸುವುದಿಲ್ಲವೇ? ಅದರಂತೆ ಸದಸ್ಯರ ಪಟ್ಟಿ ತೆಗೆದು ಮೊದಲಿನಿಂದ ಒಬ್ಬೊಬ್ಬರನ್ನೇ ಹೆಸರು ಹಿಡಿದು, ಹಬಾರಿ ಹೇಗಿದ್ದೀಯಪ್ಪ, ಹಬಾರಿ ಹೇಗಿದ್ದೀಯಮ್ಮ ಎಂದು ಕೇಳುತ್ತ ಹೋದೆ. ಬೆರಳು ಬಾತುಕೊಂಡಿತು. ಇನ್ನೂರರ ಆಸುಪಾಸಿಗೆ ಬಂದಿದ್ದೆನೋ ಏನೋ, ತಾವು ನನ್ನನ್ನು ಒಂದು ವಾರ ಹೊರಗೆ ಹಾಕಿದಿರಿ. ಕಾರಣ ಓದಿ ಚೌಸಿಕು ನೆಲದ ಮೇಲೆ ಕೂತು ನಕ್ಕಳು: ‘ಈ ಸದಸ್ಯರು ಯಂತ್ರವಿರಬಹುದೆಂಬ ಅನುಮಾನ.’ ಮಾನ್ಯರೇ, ಮನುಷ್ಯರನ್ನು ಮಾತಾಡಿಸಿದ ತಪ್ಪಿಗೆ ನಾನು ಯಂತ್ರ, ಅದನ್ನು ತೀರ್ಮಾನಿಸಿದ ತಾವು ಯಂತ್ರ. ಹಾಗಾದರೆ ಆ ಗುಂಪಿನಲ್ಲಿ ಮನುಷ್ಯರು ಯಾರೆಂದು ಬಿಡುವಾದಾಗ ತಿಳಿಸಬೇಕು.

ಆದರೆ ಉಪಕಾರ ಮರೆಯುವವಳಲ್ಲ ನಾನು. ವಾರ ಕಳೆದು ವಾಪಸು ಬಂದಾಗ ನಾನು ಮೂಲೆಯಲ್ಲಿ ಮುದುರಿ ಕೂತೆ, ಒಂದಕ್ಷರ ಆಡಲು ಬಾಯಿ ಬರಲಿಲ್ಲ. ನನ್ನಂಥ ಬಾಯಿಬಡುಕಿಯನ್ನೇ ಒಂದು ವಾರದ ಹೊರವಾಸ ಹೀಗೆ ಮೆತ್ತಗೆ ಮಾಡಿದರೆ, ಶಂಗಾಜಿ ಯಾವ ಲೆಕ್ಕ? ಹೊರಗೆ ಹಾಕಬೇಕಾದದ್ದು ಹೊಸಬಳನ್ನಲ್ಲ, ಹಳಬಳನ್ನು! ತಕ್ಷಣ ಅವಳನ್ನು ಕುಕ್ಕೆಯಲ್ಲಿ ಮುಚ್ಚಿ ನೆರೆಮನೆಗೆ ಸಾಗಿಸಿದೆ. ಅವಳಿಲ್ಲದ ಅಂಗಳದಲ್ಲಿ ಬಿಳಿ ಕೋಳಿ ಮೊದಲು ನೀರು ಕುಡಿಯಿತು, ಆಮೇಲೆ ಕಾಳು ಹೆಕ್ಕಿತು, ಮತ್ತೆರಡು ದಿನಕ್ಕೆ ಉಳಿದವರ ಜೊತೆ ಅಟ್ಟಣೆ ಏರಿತು. ಚೌಸಿಕುವೂ ಉಗಾಲಿ ಮುರಿದು ಮ್ಲೆಂಡಾ ಸೊಪ್ಪಿಗೆ ಅದ್ದಿದಳು.

ವಾರ ಬಿಟ್ಟು ಶಂಗಾಜಿಯನ್ನು ತಂದು ಬಿಟ್ಟರೆ, ಅಷ್ಟು ಮೆರೆದವಳು ಬೇಲಿಗೆ ಬೆನ್ನು ಹಚ್ಚಿ ನಿಂತಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅವಳನ್ನು ಮೊದಲು ಕುಕ್ಕಿದ್ದು ಯಾರೆಂದುಕೊಂಡಿರಿ? ಆ ಬಿಳಿಯವಳೇ! ನನಗದು ಹಿಡಿಸಲಿಲ್ಲ, ಕೋಲು ತೋರಿಸಿ ಗದರಿದೆ. ಗದರಿದ ಮೇಲೆ ಏನೋ ಅನುಮಾನ ಬಂದು, ಜೊಗೋ ನಂಬರ್ ಒನ್ ಗುಂಪಿಗೆ ಬಂದದ್ದು ಯಾವಾಗ ಎಂದು ಚೌಸಿಕುವಿನಿಂದ ನೋಡಿಸಿದೆ. ನನಗಿಂತ ಎಂಟೇ ದಿನ ಮೊದಲು! ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ.

ಬೀ ತಾತು ಮೊನ್ನೆ ಬಂದರು. ಅವರು ಎರಡನೇ ಹೋಡಿ ಎನ್ನುವ ಮೊದಲೇ ನಾನು ಕರೀಬು ಕೂಗಿದೆ. ಚಾಪೆಯ ಮೇಲೆ ಕೂರದೆ ನೇರ ಕೋಳಿಯ ಬಳಿಗೆ ಹೋಗಿ, ಎತ್ತಿ, ರೆಕ್ಕೆ ಬಿಡಿಸಿ, ನೆತ್ತಿಯ ಮೇಲೆ ಆಗಷ್ಟೇ ಚಿಗುರುತ್ತಿದ್ದ ಮುಳ್ಳುಗರಿಗಳನ್ನು ಮುಟ್ಟಿ, “ಇದೇನೇ ಇದು, ತಲೆ ಬೋಳಾಗಿತ್ತಾ?” ಎಂದರು. ಚೌಸಿಕು ತಟ್ಟೆ ತೊಳೆಯುತ್ತ ತಲೆಯೆತ್ತದೆ, “ಹೂಂ, ಆಗಿತ್ತು. ಈಗ ಬರ್ತಾ ಇದೆ. ನಮ್ಮತ್ತೆ ಅದಕ್ಕೋಸ್ಕರ ಹನ್ನೊಂದು ಸಾವಿರ ಜನರ ಹತ್ರ ಬೈಸ್ಕೊಂಡ್ರು” ಎಂದಳು. ಬೀಗಿತ್ತಿ ಕೋಳಿಯನ್ನು ಕೆಳಗೆ ಬಿಟ್ಟು ಚಾಪೆಯ ಮೇಲೆ ಕೂತರು. ಬಸ್ಸಿಗೆ ಹೊರಟಾಗ ಒಬ್ಬರೇ ಹೊರಟರು.

ಆದಕಾರಣ ತಮ್ಮಲ್ಲಿ ನನ್ನ ಅಲ್ಪ ಬೇಡಿಕೆಗಳು. ನನಗೆ ಬರಬೇಕಾಗಿದ್ದ ಶಿಕಮೋಗಳನ್ನು ಹನ್ನೊಂದು ಸಾವಿರ ಜನರೂ ಸಾಲಾಗಿ ಬಂದು ಒಪ್ಪಿಸತಕ್ಕದ್ದು. ಸಾಲು ಶಿಸ್ತಾಗಿರಲಿ, ಅಂಗಳ ಚಿಕ್ಕದು. ತಾವು ಒಂದು ವಾರ ತಮ್ಮನ್ನೇ ಗುಂಪಿನಿಂದ ಹೊರಗೆ ಹಾಕಿಕೊಂಡು, ಮತ್ತೆ ಬಂದು ಹೋಡಿ ಎನ್ನತಕ್ಕದ್ದು. ಅಷ್ಟು ದಿನ ಇರಲು ಜಾಗವಿಲ್ಲದಿದ್ದರೆ ಶಂಗಾಜಿಯ ಕುಕ್ಕೆ ಖಾಲಿಯಿದೆ.

ಇಂತಿ, ಯಂತ್ರವಲ್ಲವೆಂದು ಇನ್ನೂ ಸಾಬೀತಾಗದ ತಮ್ಮ ವಿಶ್ವಾಸಿ,
ಬೀಬಿ ಸಿಕುಜುವಾ

ಮರೆತ ಮಾತು: ಇವತ್ತು ಬೆಳಿಗ್ಗೆ ಪಟ್ಟಣದ ದೊಡ್ಡ ಮನುಷ್ಯರೊಬ್ಬರು ಕೋಳಿ ಕೊಳ್ಳಲು ಬಂದು, ಹೋಡಿ ಎನ್ನಲೂ ತಿಳಿಯದೆ ಬೇಲಿಯಾಚೆ ನಿಂತಿದ್ದರು. ನಾನೇ ಕರೀಬು ಎಂದು ಕರೆದು ಉಗಾಲಿ ಬಡಿಸಿದೆ. ಹನ್ನೊಂದು ಸಾವಿರ ಜನರ ಕೋಳಿ ಗುಂಪಿಗೆ ತಾನೇ ಯಜಮಾನನೆಂದೂ, ಬಾಗಿಲಿಗೆ ಭಾರೀ ಜಾಣ ಯಂತ್ರವೊಂದನ್ನು ಕೂರಿಸಿರುವುದಾಗಿಯೂ ಊಟದ ನಡುವೆ ಹೇಳಿಕೊಂಡರು. ಇನ್ನೊಂದು ತುತ್ತು ಬಡಿಸಿದೆನೇ ಹೊರತು ನಾನ್ಯಾರೆಂದು ಹೇಳಲಿಲ್ಲ. ಅವರು ಹತ್ತಬೇಕಾದ ಬಸ್ ನಿಲ್ಲುವುದು ಈ ಕಾಗದ ಅಂಟಿಸಿರುವ ಗಿರಣಿಯ ಗೋಡೆಯ ಪಕ್ಕದಲ್ಲೇ, ಅದೂ ಎಂದಿನಂತೆ ತಡ.