ಬರ್ತೆ ಅನ್ನಬಾರದ ಬಾಗಿಲು

ಜೈಲಿನಲ್ಲಿ ನಗು ಬರುವಂಥದ್ದು ಎಂತ ಇರ್ತದೆ ಅಂತ ಜನ ಕೇಳ್ತಾರೆ. ನನ್ನಂಥ ಪುಕ್ಕಲ ವಾರ್ಡರ್ ಆದರೆ ದಿನಾ ಒಂದಲ್ಲ ಒಂದು ಇರ್ತದೆ. ಕುಮಟಾ ಕಡೆಯ ಕಾಗಾಲದವ ನಾನು, ಕೋಳಿ ಕೊಯ್ದರೂ ಕಣ್ಣು ಮುಚ್ಚಿಕೊಳ್ಳುವವ. ಇಂಥವನಿಗೆ ಸಿಕ್ಕಿದ್ದು ಕರಾವಳಿಯ ಒಂದು ಸಣ್ಣ ಜೈಲಿನಲ್ಲಿ ಕೆಲಸ. ಹೆದರಿದವನ ಮೇಲೆ ಹಾವು ಎಸೆದ ಹಾಗೆ.

ಬಾಯಿ ತಪ್ಪಿದ್ದು

ನಮ್ಮ ಕಡೆ ಹೊರಡುವವರು ‘ಹೋಗ್ತೆ’ ಅನ್ನೂದಿಲ್ಲ, ಅಪಶಕುನ. ‘ಬರ್ತೆ’ ಅನ್ನಬೇಕು, ಉಳಿದವರು ‘ಬಾ’ ಅಂತ ಕಳಿಸಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಸೈಕಲ್ ಕಳ್ಳ ಬಿಡುಗಡೆಯಾದ. ಬಾಗಿಲಲ್ಲಿ ನಿಂತು ‘ಬರ್ತೆ ಸಾಹೇಬ್ರೆ’ ಅಂದ. ನಾನು ರೂಢಿಯ ಮೇಲೆ ‘ಆತು, ಬಾ’ ಅಂದುಬಿಟ್ಟೆ. ಎಂಟೇ ದಿನಕ್ಕೆ ವಾಪಸ್ಸು.

“ಮತ್ತೆ ಎಂತಕ್ಕೆ ಬಂದೆ ಮಾರಾಯಾ?”

“ನೀವೇ ಬಾ ಅಂದ್ರಲ್ಲ!”

ಅವತ್ತಿಂದ ಜೈಲಿನ ಬಾಗಿಲಲ್ಲಿ ಯಾರಾದರೂ ‘ಬರ್ತೆ’ ಅಂದರೆ ನನ್ನ ಎದೆ ಡವಡವ.

ಓಗೊಟ್ಟವ

ಕಳೆದ ಮಳೆಗಾಲದಲ್ಲಿ ಮಾವಳ್ಳಿಯ ಒಬ್ಬ ದೋಣಿಯವನನ್ನು ತಂದರು, ದೋಣಿ ಎಂಜಿನ್ ಕದ್ದ ಆರೋಪದ ಮೇಲೆ. ಆರು ಅಡಿ ಆಳು. ಅವನ ನೆರಳು ಕಂಡೇ ನಾನು ಎರಡು ಹೆಜ್ಜೆ ಹಿಂದೆ.

“ನಾ ಕದಿಲಿಲ್ಲ ಸಾಹೇಬ್ರೆ. ನಮ್ಮ ಕೇರಿಲಿ ನನ್ನ ಹೆಸರಿನವರು ಮೂರು ಜನ. ಪೊಲೀಸರು ಬಂದು ಹೆಸರು ಕೂಗಿದ್ರು.”

“ಮತ್ತೆ ಉಳಿದ ಇಬ್ಬರು?”

“ಅವ್ರು ಓಗೊಡ್ಲಿಲ್ಲ. ನಾ ಓಯ್ ಅಂದೆ.”

ಕರೆಂಟು ಹೋದದ್ದು

ಒಂದು ಮಧ್ಯಾಹ್ನ ಕೈದಿಗಳಿಗೆ ಸಿನೆಮಾ ಹಾಕಿದೆವು, ಅದೂ ಜೈಲಿನದ್ದೇ. ಮಾಡದ ತಪ್ಪಿಗೆ ಒಳಗೆ ಬಿದ್ದವನೊಬ್ಬ, ತಂತಿ ಜಾಲರಿಯೊಳಗೆ ಬೆರಳು ತೂರಿಸಿ ಅವನನ್ನು ಮುಟ್ಟಲು ನೋಡುವ ತಾಯಿ. ಚಂದ ಕಾಣಲಿ ಅಂತ ಕಿಟಕಿಗೆ ಕಂಬಳಿ ಕಟ್ಟಿದ್ದೆವು. ಎಲ್ಲರೂ ಮೂಗು ಒರೆಸ್ತಿದ್ದಾಗ ಫಕ್ಕನೆ ಕರೆಂಟು ಹೋಯಿತು.

ಕತ್ತಲು! ಎಲ್ಲ ಎದ್ದ ಸದ್ದು. ಸತ್ತೆ ಅಂದುಕೊಂಡು ನಾನು ಹಿಂದಿದ್ದ ಖಾಲಿ ಕೋಣೆಗೆ ನುಗ್ಗಿ, ಸರಳಿನ ಬಾಗಿಲೆಳೆದು ಬೀಗ ಒತ್ತಿದೆ. ಗಡಿಬಿಡಿಯಲ್ಲಿ ಕೀಲಿಕೈ ಗೊಂಚಲು ಸರಳಿನಾಚೆ ಬಿತ್ತು. ಯಾರೋ ಕಂಬಳಿ ಸರಿಸಿದರು. ನೋಡಿದರೆ ಕೈದಿಗಳೆಲ್ಲ ಹೊರಗೆ, ನಾನೊಬ್ಬ ಒಳಗೆ. ಗೊಂಚಲು ಮಾವಳ್ಳಿಯವನ ಕೈಯಲ್ಲಿ. ಅದರಲ್ಲೇ ಹೊರಬಾಗಿಲ ಕೀಲಿಯೂ ಇತ್ತು. ಇವತ್ತಿಗೆ ನನ್ನ ನೌಕರಿ ಮುಗಿಯಿತು ಅಂದುಕೊಂಡೆ.

ಅವ ಒಂದೊಂದೇ ಕೀಲಿ ನನ್ನ ಬೀಗಕ್ಕೆ ಹಾಕಿ ನೋಡುತ್ತ ಸಮಾಧಾನ ಹೇಳಿದ: “ಹೆದರ್ಬೇಡಿ ಸಾಹೇಬ್ರೆ. ನಿಮಗೂ ಜಾಮೀನು ಆಗ್ತದೆ.”

ಬಾಗಿಲಲ್ಲಿ

ಹೊರಬಂದ ಮೇಲೆ ಕೇಳಿದೆ, “ನೀ ಯಾಕೆ ಓಡ್ಲಿಲ್ಲ?”

“ಓಡಿದ್ರೆ ನಾನೇ ಕದ್ದದ್ದು ಅಂತಾಗ್ತದಲ್ಲ. ಅದಲ್ಲದೆ ಸಿನೆಮಾ ಮುಗಿಲಿಲ್ಲ. ಅವನಿಗೆ ಬಿಡುಗಡೆ ಆಗ್ತದಾ?”

ಆ ಸಿನೆಮಾ ನಾನು ಮನೆಯಲ್ಲಿ ನೋಡಿದ್ದೆ. ಅವ ಒಳಗೇ ಸಾಯ್ತಾನೆ. “ಆಗ್ತದೆ” ಅಂದೆ. ಈ ಸುಳ್ಳು ಇವನಿಗೆ ಶಾಪವಾದರೆ ಅಂತ ಇಪ್ಪತ್ತು ದಿನ ನನಗೆ ಅನ್ನ ಸೇರಲಿಲ್ಲ.

ಇಪ್ಪತ್ತೊಂದನೇ ದಿನ ಅಸಲಿ ಕಳ್ಳ ಸಿಕ್ಕಿಬಿದ್ದ, ಅದೇ ಹೆಸರಿನವ. ಬಿಡುಗಡೆ ಆದೇಶ ಬಂತು. ಹೊರಗೆ ಇವನ ಹೆಂಡತಿ ಒಗೆದ ಅಂಗಿ ಹಿಡಿದು ನಿಂತಿದ್ದಳು. ನನ್ನ ಕಣ್ಣಲ್ಲಿ ನೀರು.

“ಬರ್ತೆ ಸಾಹೇಬ್ರೆ” ಅಂದ.

ನೀರು ಅಲ್ಲೇ ಇಂಗಿತು. “ಬರ್ತೆ ಅನ್ಬೇಡ! ಹೋಗ್ತೆ ಅನ್ನು!”

“ಛೆ, ಒಳ್ಳೆ ದಿನ ಹೋಗ್ತೆ ಅನ್ನೂದಾ? ಬರ್ತೆ.”

“ಹೋಗ್ತೆ ಅನ್ನು ಮಾರಾಯಾ, ಕೈ ಮುಗಿತೆ!”

ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಅವನ ಹೆಂಡತಿಯೇ ನಡುವೆ ಬಂದಳು: “ಇವ್ರು ಬರೂದು ಬೇಡ, ನೀವೇ ನಮ್ಮನೆಗೆ ಬನ್ನಿ ಸಾಹೇಬ್ರೆ, ಊಟಕ್ಕೆ.”

ಬಾಯಿ ರೂಢಿ ನೋಡಿ, “ಆತು, ಬರ್ತೆ” ಅಂದೆ.

ಆರು ಅಡಿ ಆಳು ನನ್ನ ಖಾಕಿ ನೋಡಿ ಬೆವತುಹೋದ.

“ಬನ್ನಿ ಸಾಹೇಬ್ರೆ. ಆದ್ರೆ ಹೊರಗೆ ನಿಂತು ಹೆಸರು ಮಾತ್ರ ಕೂಗ್ಬೇಡಿ. ಈ ಸಲ ನಾ ಓಗೊಡೂದಿಲ್ಲ!”